ಒಂದು ಮೀನು, ಒಂದು ತುಂಡು ಬ್ರೆಡ್ಡು

ಎಲ್ಲರಿಗೂ ನಮಸ್ಕಾರ. ವಿಶ್ವ ಕ್ಷಯ ದಿನ, ಮಾರ್ಚ್ 24ಕ್ಕೆ ಕರೆದಿದ್ದೀರಿ ಅಂದಮೇಲೆ ಕ್ಷಯದ ಮಾತು ಬಿಟ್ಟು ಬೇರೆ ಆಡುವ ಹಾಗಿಲ್ಲ. ನನಗೆ ನಲವತ್ತು ನಿಮಿಷ ಅಂದಿದ್ದರು. ಸ್ವಾಗತ, ಹಾರ, ಪ್ರಾಸ್ತಾವಿಕ ಸೇರಿ ಹದಿನೈದು ಆಗಲೇ ಹೋಯಿತು. ಇರಲಿ, ನಾನು ಹೇಳಬೇಕಾದದ್ದು ಒಂದೇ. ಕೆಮ್ಮುವವರ ತಟ್ಟೆ ಕಸಿದುಕೊಳ್ಳಬೇಡಿ.

ನಮ್ಮ ಮನೆಗಳಲ್ಲಿ ಏನಾಗುತ್ತದೆ ನಿಮಗೇ ಗೊತ್ತು. ಕೆಮ್ಮು ಬಂತೋ, ಮೊದಲು ಬಾಳೆಹಣ್ಣು ಬಂದ್. ಆಮೇಲೆ ಮೊಸರು. ಆಮೇಲೆ ಎಣ್ಣೆ, ತುಪ್ಪ, ಕರಿದದ್ದು. ಕೊನೆಗೆ ಉಳಿಯುವುದು ಗಂಜಿ ಮತ್ತು ಸುಟ್ಟ ಹಪ್ಪಳ. ನಮ್ಮ ಸೋದರತ್ತೆ ತಿಂಗಳುಗಟ್ಟಲೆ ಹೀಗೆ ಪಥ್ಯ ಮಾಡಿದರು. ಒಂದು ದಿನ ಅನ್ನಕ್ಕೆ ಅಕ್ಕಿ ತೆಗೆದರೆ ಘಮಘಮ ಬಾಳೆಹಣ್ಣಿನ ವಾಸನೆ. ಅಕ್ಕಿ ಡಬ್ಬದ ತಳದಲ್ಲಿ ಆರು ಹಣ್ಣು ಹೂತಿಟ್ಟಿದ್ದರು! ಮನೆಯವರೆಲ್ಲ ಸೇರಿ ಬೈದೆವು. ನಾನೂ ಬೈದೆ. ಆಗ ನಾನು ಎಂ.ಬಿ.ಬಿ.ಎಸ್. ಮೂರನೇ ವರ್ಷ.

ಈಗ ಇನ್ನೊಬ್ಬರ ಪಥ್ಯದ ಕತೆ. ಬಿ.ಎ.ಯಲ್ಲಿ ಇಂಗ್ಲಿಷ್ ಓದಿದವರಿಗೆ ಕೀಟ್ಸ್ ಗೊತ್ತು. ಅವನು ಕವಿಯಾಗುವ ಮೊದಲು ನಮ್ಮ ಕಸುಬಿನವನು ಅನ್ನುವುದನ್ನು ಮೇಷ್ಟ್ರುಗಳು ಬೇಗ ಹೇಳಿ ಮುಗಿಸುತ್ತಾರೆ. ಲಂಡನ್ನಿನ ಗೈಸ್ ಆಸ್ಪತ್ರೆಯಲ್ಲಿ ಕಲಿತು, 1816ರಲ್ಲಿ ಔಷಧಿ ಕೊಡುವ ಲೈಸೆನ್ಸ್ ತೆಗೆದುಕೊಂಡವನು. ತಾಯಿ ಹೋದದ್ದು ಕ್ಷಯದಿಂದ. ತಮ್ಮ ಟಾಮ್‌ನನ್ನು 1818ರಲ್ಲಿ ಪಕ್ಕದಲ್ಲೇ ಕೂತು ನೋಡಿಕೊಂಡ, ಅವನೂ ಹೋದ. ಹಾಗಾಗಿ 1820ರ ಫೆಬ್ರವರಿಯ ಒಂದು ರಾತ್ರಿ ಹಾಸಿಗೆಯಲ್ಲಿ ಕೆಮ್ಮಿ, ಬಟ್ಟೆಯ ಮೇಲೆ ಬಿದ್ದ ರಕ್ತದ ಹನಿಯನ್ನು ಮೇಣದಬತ್ತಿ ಬೆಳಕಿಗೆ ಹಿಡಿದು ನೋಡಿದಾಗ, ಇದು ನನ್ನ ಮರಣದ ವಾರಂಟ್ ಅಂದ. ರೋಗ ಪತ್ತೆಹಚ್ಚಿದವನು ರೋಗಿಯೇ. ಉಳಿದ ಡಾಕ್ಟರುಗಳಿಗೆ ಅದು ತಡವಾಗಿ ಹೊಳೆಯಿತು.

ಇಂಗ್ಲೆಂಡಿನ ಚಳಿ ಈ ನಾಜೂಕು ಮೈಗೆ ಆಗದು, ಇಟಲಿಗೆ ಹೋಗಲಿ ಅಂದರು. ಹಡಗು ನೇಪಲ್ಸ್ ಮುಟ್ಟಿತು. ಹತ್ತು ದಿನ ಕ್ವಾರಂಟೈನ್, ಇಳಿಯುವ ಹಾಗಿಲ್ಲ. ಕೊರೋನ ಕಾಲದಲ್ಲಿ ನಾವು ಗೊಣಗಿದೆವಲ್ಲ, ಅವನು ಉಸಿರು ಸಿಗದ ಸಣ್ಣ ಕ್ಯಾಬಿನ್ನಿನಲ್ಲಿ ಕಳೆದ. ನವೆಂಬರಿನಲ್ಲಿ ರೋಮ್. ಜೊತೆಗೆ ಗೆಳೆಯ ಸೆವೆರ್ನ್, ಚಿತ್ರಕಾರ. ನೋಡಿಕೊಂಡವರು ಜೇಮ್ಸ್ ಕ್ಲಾರ್ಕ್ ಅನ್ನುವ ಸ್ಕಾಟ್ಲೆಂಡಿನ ಡಾಕ್ಟರು, ಮೂವತ್ತು ದಾಟಿದ ವಯಸ್ಸು, ಒಳ್ಳೆಯ ಮನುಷ್ಯ. ಪಿಯಾತ್ಸ ದಿ ಸ್ಪಾನ್ಯ ಅನ್ನುವ ಚೌಕದಲ್ಲಿ ತಮ್ಮ ಮನೆಯ ಎದುರಿಗೇ ಬಾಡಿಗೆ ಮನೆ ಹುಡುಕಿಟ್ಟಿದ್ದರು. ಪರೀಕ್ಷೆ ಮಾಡಿ, ತೊಂದರೆ ಮುಖ್ಯವಾಗಿ ಹೊಟ್ಟೆಯಲ್ಲಿದೆ, ಹೃದಯದ ಮೇಲೆ ಅನುಮಾನ, ಶ್ವಾಸಕೋಶವೂ ಇರಬಹುದು ಅಂತ ಬರೆದರು. ಫ್ರಾನ್ಸಿನ ಡಾಕ್ಟರು ಲೆನೆಕ್ ಸ್ಟೆತಾಸ್ಕೋಪು ಮಾಡಿ ಆಗಿನ್ನೂ ನಾಲ್ಕೇ ವರ್ಷ ಆಗಿತ್ತು. ನಗಬೇಡಿ, ನಾವೂ ಎಕ್ಸ್‌ರೇ ಇಲ್ಲದೆ ಎಷ್ಟು ಸಲ ಗ್ಯಾಸ್ ಅಂದಿದ್ದೇವೆ!

ಮೊದಲ ಸಲಹೆ ಚೆನ್ನಾಗಿಯೇ ಇತ್ತು. ಶುದ್ಧ ಗಾಳಿ, ನಿಧಾನಕ್ಕೆ ಕುದುರೆ ಸವಾರಿ, ಮನಸ್ಸಿಗೆ ಚಿಂತೆ ಬೇಡ. ಆಗ ನಡೆದದ್ದು ಈ ಊಟದ ಪ್ರಸಂಗ. ಇದನ್ನು ಹೇಳದೆ ನಾನು ವೇದಿಕೆ ಇಳಿಯುವುದಿಲ್ಲ. ಹೋಟೆಲಿನಿಂದ ಬುಟ್ಟಿಯಲ್ಲಿ ಊಟ ಬರುತ್ತಿತ್ತು. ದುಬಾರಿ, ಆದರೆ ಬಾಯಿಗಿಡಲು ಆಗದು. ಎಷ್ಟು ಹೇಳಿದರೂ ಸರಿಯಾಗಲಿಲ್ಲ. ಒಂದು ದಿನ ಕೀಟ್ಸ್ ನಗುತ್ತಾ ಬುಟ್ಟಿ ತೆಗೆದ. ಕಿಟಕಿ ತೆರೆದ. ಕೋಳಿ ತಟ್ಟೆ ಹೊರಗೆ. ಹೂಕೋಸು ಹೊರಗೆ. ಮ್ಯಾಕರೋನಿ ಹೊರಗೆ. ಖಾಲಿ ಪಾತ್ರೆ ವಾಪಸು ಬುಟ್ಟಿಗಿಟ್ಟು, ತಗೊಂಡು ಹೋಗು ಅಂತ ಕೈ ಮಾಡಿದ. ಅರ್ಧ ಗಂಟೆಯೊಳಗೆ ಬಿಸಿಬಿಸಿ, ಒಳ್ಳೆಯ ಊಟ ಬಂತು. ಬಿಸಾಡಿದ್ದಕ್ಕೆ ದುಡ್ಡೂ ಕೇಳಲಿಲ್ಲ. ಮೆಸ್ಸಿನ ಹುಡುಗರು ಇದನ್ನು ಪ್ರಯೋಗ ಮಾಡಬೇಡಿ ಮತ್ತೆ, ವಾರ್ಡನ್ ನನ್ನ ಹೆಸರು ಹೇಳುತ್ತಾರೆ.

ನೋಡಿ, ಊಟಕ್ಕಾಗಿ ಜಗಳಾಡುವ ರೋಗಿ ಇದ್ದ. ಇದು ನೆನಪಿರಲಿ.

ಡಿಸೆಂಬರ್ 10. ಒಂದು ಸಲ ಕೆಮ್ಮಿದ್ದಕ್ಕೆ ಎರಡು ಬಟ್ಟಲು ರಕ್ತ ಬಂತು. ಕ್ಲಾರ್ಕ್ ಓಡಿ ಬಂದರು. ಬಂದು ಏನು ಮಾಡಿದರು? ತೋಳಿನ ನರ ಕುಯ್ದು ಇನ್ನೂ ಎಂಟು ಔನ್ಸ್ ರಕ್ತ ತೆಗೆದರು. ಹತ್ತಿರಹತ್ತಿರ ಕಾಲು ಲೀಟರ್. ಅಂದಿನ ಲೆಕ್ಕಕ್ಕೆ ಅದು ತಪ್ಪಲ್ಲ. ಮೈಯಲ್ಲಿ ರಕ್ತದ ಜೋರು ಜಾಸ್ತಿಯಾಗಿ ಎದೆಯಲ್ಲಿ ಒಡೆದಿದೆ, ಜೋರು ಇಳಿಸಬೇಕು. ಉಣ್ಣಿಸಿದರೆ ಮತ್ತೆ ರಕ್ತ ಏರುತ್ತದೆ, ಒಲೆ ಉರಿಯುತ್ತಿದ್ದರೆ ಸೌದೆ ಎಳೆದುಬಿಡಿ, ಅಷ್ಟೇ. ಹಾಗಾಗಿ ದಿನಕ್ಕೆ ಒಂದು ಆಂಚೊವಿ, ಒಂದು ತುಂಡು ಬ್ರೆಡ್ಡು. ಆಂಚೊವಿ ಅಂದರೆ ಮಂಗಳೂರಿನವರ ಬೊಳೆಂಜಿರ್, ಬೆರಳುದ್ದದ ಮೀನು. ಇಡೀ ದಿನಕ್ಕೆ ಒಂದು!

ಹಸಿವಿನಿಂದ ಕೂಗುತ್ತಿದ್ದಾನೆ, ನೀನೇ ನನ್ನನ್ನು ಉಪವಾಸ ಕೊಲ್ಲುತ್ತೀಯ ಅನ್ನುತ್ತಾನೆ ಅಂತ ಸೆವೆರ್ನ್ ಊರಿಗೆ ಕಾಗದ ಬರೆದ. ತಡೆಯಲಾರದೆ ಹೇಳಿದ್ದಕ್ಕಿಂತ ಸ್ವಲ್ಪ ಹೆಚ್ಚು ಕೊಟ್ಟೂಬಿಟ್ಟ. ಅಕ್ಕಿ ಡಬ್ಬದ ಬಾಳೆಹಣ್ಣು, ಅಲ್ವಾ? ಆದರೆ ಇದೇ ಕ್ಲಾರ್ಕ್ ಒಂದು ಬಗೆಯ ಮೀನಿಗಾಗಿ ರೋಮ್ ಎಲ್ಲಾ ಅಲೆದಿದ್ದರು. ಅವರ ಹೆಂಡತಿ ಅದನ್ನು ನಾಜೂಕಾಗಿ ಬೇಯಿಸಿ ಕಳಿಸಿದ್ದರು. ಹಾಗೆ ಅಲೆದವರೇ ಉಪವಾಸವನ್ನೂ ಬರೆದುಕೊಟ್ಟದ್ದು. ನನ್ನನ್ನು ಕಾಡುವುದು ಇದೇ. ಪಥ್ಯ ಬರುವುದು ಪ್ರೀತಿಯಿಂದ. ಕೆಟ್ಟವರು ಹೇಳಿದ್ದರೆ ಯಾವತ್ತೋ ಬಿಟ್ಟುಬಿಡುತ್ತಿದ್ದೆವು.

ಕೊನೆಕೊನೆಗೆ ಅವನು ಕ್ಲಾರ್ಕ್ ಬಂದಾಗಲೆಲ್ಲ ಕೇಳುತ್ತಿದ್ದ: ಸತ್ತಮೇಲಿನ ನನ್ನ ಈ ಬದುಕು ಇನ್ನೆಷ್ಟು ದಿನ? 1821ರ ಫೆಬ್ರವರಿ 23ಕ್ಕೆ ಮುಗಿಯಿತು. 25 ವರ್ಷ. ಕುಯ್ದು ನೋಡಿದಾಗ ಶ್ವಾಸಕೋಶ ಪೂರ್ತಿ ಹಾಳಾಗಿತ್ತು. ಉಣ್ಣಿಸಿದ್ದರೆ ಉಳಿಯುತ್ತಿದ್ದ ಅಂತ ನಾನು ಹೇಳುವುದಿಲ್ಲ. ಹಸಿದು ಸಾಯುವುದು ತಪ್ಪುತ್ತಿತ್ತು. ಕ್ಲಾರ್ಕ್ ಮುಂದೆ ವಿಕ್ಟೋರಿಯಾ ರಾಣಿಯ ಡಾಕ್ಟರಾದರು.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಬೇಗ ಬೇಗ ಹೇಳುತ್ತೇನೆ. 1882, ಇದೇ ಮಾರ್ಚ್ 24, ಜರ್ಮನಿಯ ವಿಜ್ಞಾನಿ ರಾಬರ್ಟ್ ಕಾಖ್ ಕ್ಷಯದ ರೋಗಾಣು ಕಂಡೆ ಅಂದ. ಆಮೇಲೆ ಸ್ಯಾನಟೋರಿಯಂ ಕಾಲ, ಅಂದರೆ ಕ್ಷಯದವರನ್ನು ಇಟ್ಟುಕೊಂಡು ಆರೈಕೆ ಮಾಡುವ ಆಸ್ಪತ್ರೆಗಳು, ಮೈಸೂರಿನ ಪಿಕೆಟಿಬಿ ಆಸ್ಪತ್ರೆ ನಿಮಗೆ ಗೊತ್ತು. 1956ರಲ್ಲಿ ಮದ್ರಾಸಿನಲ್ಲಿ 193 ಬಡ ರೋಗಿಗಳ ಮೇಲೆ ಒಂದು ಅಧ್ಯಯನ ಶುರುವಾಯಿತು. ಅರ್ಧ ಜನ ಸ್ಯಾನಟೋರಿಯಂನಲ್ಲಿ ಒಳ್ಳೆಯ ಊಟ, ವಿಶ್ರಾಂತಿ. ಅರ್ಧ ಜನ ಇಕ್ಕಟ್ಟಿನ ಮನೆಯಲ್ಲಿ, ಇದ್ದದ್ದು ಉಂಡು. ಮಾತ್ರೆ ಇಬ್ಬರಿಗೂ ಒಂದೇ. ಫಲಿತಾಂಶ ಹೆಚ್ಚುಕಡಿಮೆ ಸಮ. ಹಾಗಾದರೆ ನಿಮ್ಮ ಊಟದ ವಾದ ಎಲ್ಲಿ ಹೋಯ್ತು ಡಾಕ್ಟ್ರೇ ಅಂತೀರಿ. ಸರಿ. ರೋಗಾಣು ಕೊಲ್ಲುವುದು ಮಾತ್ರೆಯೇ, ಊಟ ಅಲ್ಲ. ಅದನ್ನು ಮರೆತರೆ ನಾನೂ ಕ್ಲಾರ್ಕೇ. ಆದರೆ 2023ರಲ್ಲಿ ಬಂದ ಜಾರ್ಖಂಡಿನ ಅಧ್ಯಯನ ನೋಡಿ, ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಅವರು ಮುಂದೆ ನಿಂತು ಮಾಡಿದ್ದು. ರೋಗಿಯ ಮನೆಯವರಿಗೆ ತಲೆಗೆ ತಿಂಗಳಿಗೆ ಐದು ಕೆ.ಜಿ. ಅಕ್ಕಿ, ಒಂದೂವರೆ ಕೆ.ಜಿ. ಬೇಳೆ, ಜೊತೆಗೆ ವಿಟಮಿನ್ ಮಾತ್ರೆ. ಅಷ್ಟಕ್ಕೇ ಅವರಲ್ಲಿ ಹೊಸದಾಗಿ ಕ್ಷಯ ತಗಲುವುದು ನೂರಕ್ಕೆ 39ರಷ್ಟು ಇಳಿಯಿತು. ಬೇಳೆ ಸ್ವಾಮಿ, ಬೇಳೆ!

ಬಿ.ಸಿ.ಜಿ. ಲಸಿಕೆ, ಸಕ್ಕರೆ ಕಾಯಿಲೆ, ಔಷಧಿಗೆ ಬಗ್ಗದ ಕ್ಷಯ ಅಂತ ಇನ್ನೂ ಮೂರು ವಿಷಯ ಬರೆದುಕೊಂಡು ಬಂದಿದ್ದೆ, ಮುಂದಿನ ವರ್ಷ ಕರೆದರೆ ನೋಡೋಣ. ಒಂದು ಚೀಟಿ ಬಂದಿದೆ: ಕೆಮ್ಮಿದ್ದಾಗ ಬಾಳೆಹಣ್ಣು ತಿನ್ನಬಹುದಾ? ತಿನ್ನಿ. ಆದರೆ ಕೆಮ್ಮು ಎರಡು ವಾರ ದಾಟಿದ್ದರೆ ನಾಳೆ ಬೆಳಗ್ಗೆ ಸರ್ಕಾರಿ ಆಸ್ಪತ್ರೆಗೆ ಹೋಗಿ ಕಫ ಕೊಟ್ಟು ಬನ್ನಿ. ದುಡ್ಡು ಕೊಡಬೇಕಾಗಿಲ್ಲ. ಹೋಗುವಾಗ ಇಡ್ಲಿ ತಿಂದುಕೊಂಡೇ ಹೋಗಿ.