ಟ್ರಿಯೆಸ್ತೆ: ಕಾಫಿ ಕೇಳೋಕೂ ಬೇರೆ ಭಾಷೆ ಬೇಕಾದ ಊರು

ಇಟಲಿಯ ಬಂದರು ಊರು ಟ್ರಿಯೆಸ್ತೆಲಿ ಕ್ಯಾಪುಚಿನೋ ಕೊಡಿ ಅಂದೆ, ಬಂದಿದ್ದು ನೋಡಿ ಇದು. ಹೆಬ್ಬೆರಳುದ್ದದ ಕಪ್, ಮೇಲೆ ಒಂಚೂರು ನೊರೆ, ಎರಡೇ ಗುಟುಕು. ನಮ್ಮೂರ ಬೈಟು ಕಾಫಿನೇ ವಾಸಿ! ಕೌಂಟರ್ ಹಿಂದಿದ್ದ ಅಜ್ಜ ನಗ್ತಾ ಪಾಠ ಮಾಡಿದ್ರು. ಈ ಊರಲ್ಲಿ ಎಸ್ಪ್ರೆಸೋಗೆ 'ನೇರೋ' ಅನ್ಬೇಕಂತೆ, ಹಾಲಿನ ನೊರೆ ಹಾಕಿದ್ರೆ 'ಕಾಪೋ', ಅದನ್ನೇ ಪುಟ್ಟ ಗ್ಲಾಸಲ್ಲಿ ಕೊಟ್ರೆ 'ಕಾಪೋ ಇನ್ ಬಿ', ನಾವಂದ್ಕೊಂಡಿರೋ ದೊಡ್ಡ ಕ್ಯಾಪುಚಿನೋ ಬೇಕಂದ್ರೆ ಕಾಫೆಲಾತ್ತೆ ಅಂತ ಕೇಳ್ಬೇಕು.

ನಾನು ಚಿಕ್ಕಮಗಳೂರು ಕಡೆಯವನು, ನಮ್ ದೇಶದ ಕಾಫಿನ ಎಲ್ಲರಿಗಿಂತ ಜಾಸ್ತಿ ಕೊಳ್ಳೋದು ಇಟಲಿನೇ, ಹಂಗಾಗಿ ಈ ಊರು ನೋಡ್ಲೇಬೇಕು ಅಂತಿತ್ತು. ಅಂದಹಾಗೆ 'ಇಲ್ಲಿ' (illy) ಅನ್ನೋ ಕಾಫಿ ಬ್ರಾಂಡ್ ಹುಟ್ಟಿದ್ದೂ ಇಲ್ಲೇ, 1933ರಲ್ಲಿ. ಸಾರಿ, ಈ ಜೋಕ್ ಬಿಡೋಕಾಗ್ಲಿಲ್ಲ.

ಆದ್ರೆ ಬಿಲ್ಡಿಂಗುಗಳನ್ನ ನೋಡಿದ್ರೆ ಇಟಲಿ ಅನ್ಸೋದೇ ಇಲ್ಲ, ಆಸ್ಟ್ರಿಯಾ ರಾಜಧಾನಿ ವಿಯೆನ್ನಾನ ತಂದು ಸಮುದ್ರದ ದಡಕ್ಕೆ ಇಟ್ಟಂಗಿದೆ. ಯಾಕಂದ್ರೆ 1382ರಲ್ಲಿ ವೆನಿಸ್ ಕಾಟ ತಡೀಲಾರದೆ ಊರಿನವರೇ ಹೋಗಿ ಆಸ್ಟ್ರಿಯಾ ದೊರೆ ಆಶ್ರಯ ಕೇಳಿದ್ರು, ಆಮೇಲೆ 1719ರಲ್ಲಿ ಚಕ್ರವರ್ತಿ ಆರನೇ ಚಾರ್ಲ್ಸ್ ಇದನ್ನ ಸುಂಕ ಇಲ್ಲದ ಬಂದರು ಅಂತ ಘೋಷಿಸಿದ, ಅಷ್ಟೇ, ಗ್ರೀಕರು, ಯಹೂದಿಗಳು, ಸರ್ಬಿಯಾದವರು ಎಲ್ಲಾ ವ್ಯಾಪಾರಕ್ಕೆ ಬಂದು ಬೇರು ಬಿಟ್ರು. ಚಾರ್ಲ್ಸ್ ಮಗಳು ಮರಿಯಾ ತೆರೇಸಾ ಕಾಲದಲ್ಲಿ ಹಳೇ ಉಪ್ಪಿನ ಗದ್ದೆಗಳಿದ್ದ ಜಾಗದಲ್ಲಿ ಹೊಸ ಬಡಾವಣೆನೇ ಎದ್ದಿತು. ಈಗ ಕಾಣ್ತಿರೋ ಕಾಲುವೆ ಅಲ್ಲಿದೇ, ಸರಕಿನ ದೋಣಿ ಸೀದಾ ಅಂಗಡಿ ಬಾಗಿಲಿಗೆ ಬರ್ತಿತ್ತಂತೆ. 1857ಕ್ಕೆ ವಿಯೆನ್ನಾದಿಂದ ರೈಲೂ ಬಂತು.

ಮೊದಲನೇ ಮಹಾಯುದ್ಧ ಮುಗೀತು, ಸಾಮ್ರಾಜ್ಯ ಚೂರಾಯ್ತು, ಟ್ರಿಯೆಸ್ತೆ ಇಟಲಿಗೆ ಸೇರ್ತು, ಬಂದರಿಗೆ ಸರಕು ಕಳಿಸ್ತಿದ್ದ ಒಳನಾಡಿನ ಊರುಗಳೇ ಬೇರೆ ದೇಶ ಆಗೋದ್ವು. 1910ರಲ್ಲಿ ಇಲ್ಲಿ ಹುಟ್ಟಿದ ಒಬ್ಬ ಅಜ್ಜಿನ ಊಹಿಸ್ಕೊಳ್ಳಿ. ಹುಟ್ಟಿದ್ದು ಆಸ್ಟ್ರಿಯಾ, ಸ್ಕೂಲು ಇಟಲಿ, 1943ಕ್ಕೆ ಜರ್ಮನ್ನರು, 1945ರಲ್ಲಿ ನಲವತ್ತು ದಿನ ಯುಗೊಸ್ಲಾವಿಯಾದವರು, ಆಮೇಲೆ ಬ್ರಿಟಿಷ್-ಅಮೆರಿಕನ್ ಸೇನೆ, 1954ಕ್ಕೆ ಮತ್ತೆ ಇಟಲಿ. ಮನೆ ಮಾತ್ರ ಅದೇ.

ಊರಂಚಲ್ಲಿ ಸಾನ್ ಸಾಬಾ ಅಂತ ಹಳೇ ಅಕ್ಕಿ ಗಿರಣಿ ಇದೆ. ನಾಜಿಗಳು ಅದನ್ನ ಕ್ಯಾಂಪ್ ಮಾಡ್ಕೊಂಡು ಒಳಗೇ ಹೆಣ ಸುಡೋ ಒಲೆ ಕಟ್ಟಿದ್ರು. ಅಲ್ಲಿ ಕ್ಯಾಮೆರಾ ತೆಗೀಲಿಲ್ಲ ನಾನು.

ಕೊನೇಗೆ ಮೋಲೋ ಔದಾಚೆ, ಸಮುದ್ರದೊಳಕ್ಕೆ ಚಾಚಿರೋ ಕಲ್ಲಿನ ಕಟ್ಟೆ. ಇದರ ತಳದಲ್ಲಿ 1740ರಲ್ಲಿ ಮುಳುಗಿದ ಸಾನ್ ಕಾರ್ಲೋ ಹಡಗಿದೆ, ಎತ್ತೋದ್ ಯಾಕೆ ಅಂತ ಅದರ ಮೇಲೇ ಕಟ್ಟೆ ಕಟ್ಟಿದ್ರು! ಕಂಬಿ ಇಲ್ಲ, ತಡೆ ಇಲ್ಲ, ಹುಡುಗ್ರು ಅಂಚಲ್ಲಿ ಕಾಲಿಳಿಬಿಟ್ಕೊಂಡು ಕೂತಿದ್ರು. ತುದಿಯಲ್ಲಿ ಗಾಳಿಯ ದಿಕ್ಕು ತೋರ್ಸೋ ಕಂಚಿನ ಚಕ್ರ ಇದೆ, ಅದನ್ನ ಕ್ಲೋಸಪ್ ತೆಗೀತಿದ್ದೆ, ಬೋರಾ ಶುರುವಾಯ್ತು ನೋಡಿ. ಕಾರ್ಸ್ಟ್ ಬೆಟ್ಟದಿಂದ ದಬದಬ ಇಳಿಯೋ ಥಂಡಿ ಗಾಳಿ, ಜೋರಾದಾಗ ಗಂಟೆಗೆ 150 ಕಿಲೋಮೀಟರ್ ದಾಟುತ್ತೆ, ಹಿಂದೆಲ್ಲ ಜನ ಹಿಡ್ಕೊಂಡು ನಡೀಲಿ ಅಂತ ಬೀದಿಲಿ ಹಗ್ಗ ಕಟ್ತಿದ್ರು. ನನಗೆ ಸಿಕ್ಕಿದ್ದು ಅದರ ಮರಿ ಇರ್ಬೇಕು, ಆದ್ರೂ ಟೋಪಿ ಹೋಯ್ತು, ಮೈಕಲ್ಲಿ ಬರೀ ಭರ್ರ್ ಅನ್ನೋ ಸದ್ದು. ಅದಕ್ಕೇ ರೂಮಲ್ಲಿ ಕೂತು ಈ ವಾಯ್ಸ್‌ಓವರ್ ಕೊಡ್ತಿರೋದು.