ನಿಲ್ಲಿಸಿ ನೋಡುವ ಮಕ್ಕಳು

ಕೇಳುಗರಿಗೆ ನಮಸ್ಕಾರ. ಈ ಹೊತ್ತಿಗೆ ಸೊಪ್ಪು ಸೋಸುತ್ತಾ ರೇಡಿಯೊ ಕೇಳುತ್ತಿರುವವರು, ಅಂಗಡಿಯಲ್ಲಿ ಗಿರಾಕಿ ಕಾಯುತ್ತಾ ಕೂತವರು, ನಿಮ್ಮಲ್ಲಿ ಬಹಳ ಜನರ ಮನೆಯಲ್ಲಿ ಹದಿನೆಂಟು ಇಪ್ಪತ್ತರ ಮಗನೋ ಮಗಳೋ ಇರುತ್ತಾರೆ. ಹೊಸ ವಿಡಿಯೊ ಗೇಮೊಂದರ ಟ್ರೇಲರ್, ಅಂದರೆ ಆಟ ಬರುವ ಮೊದಲು ತೋರಿಸುವ ಒಂದೂವರೆ ನಿಮಿಷದ ವಿಡಿಯೊ, ಅದನ್ನು ಆ ಮಕ್ಕಳು ಐವತ್ತು ಸಲ ನೋಡುತ್ತಾರೆ. ಮೊದಲ ಸಲ ಕೂಗುತ್ತಾರೆ, ಕುಣಿಯುತ್ತಾರೆ. ಆಮೇಲೆ ಸದ್ದಿಲ್ಲದೆ ಕೂತು, ನಿಲ್ಲಿಸಿ ನಿಲ್ಲಿಸಿ ನೋಡುತ್ತಾರೆ. "ನೋಡಿದ್ದನ್ನೇ ಎಷ್ಟು ಸಲ ನೋಡ್ತೀಯೋ" ಅಂತ ನೀವು ಬೈದಿರುತ್ತೀರಿ. ಇವತ್ತು ನಾನು ಆ ಮಕ್ಕಳ ಪರವಾಗಿ ವಕಾಲತ್ತು ಹಾಕಲು ಬಂದಿದ್ದೇನೆ.

ನಾನು ಹದಿನೈದು ವರ್ಷ ಕಂಪ್ಯೂಟರ್ ಗೇಮ್‌ಗಳಿಗೆ ಗೋಡೆ, ರಸ್ತೆ, ಚರಂಡಿ, ಮರ ಮಾಡಿಕೊಟ್ಟವನು. ಈಗ ಅದೇ ಕೆಲಸ ಕಲಿಸುತ್ತೇನೆ. ಹಾಗಾಗಿ ಇದು ನನಗೆ ಮನೆ ಮಾತು.

ಆ ಆಟದ ಹೆಸರು ಗ್ರ್ಯಾಂಡ್ ಥೆಫ್ಟ್ ಆಟೊ. ಮಕ್ಕಳ ಬಾಯಲ್ಲಿ ಜಿಟಿಎ. ಮಾಡುವವರು ರಾಕ್‌ಸ್ಟಾರ್ ಗೇಮ್ಸ್. ಕಳ್ಳರ, ದರೋಡೆಕೋರರ ಕಥೆ. ದೊಡ್ಡವರಿಗೆಂದು ಮಾಡಿದ್ದು, ಚಿಕ್ಕ ಮಕ್ಕಳ ಕೈಗೆ ಕೊಡಬೇಡಿ. ಅಷ್ಟು ಹೇಳಿ ಮುಂದೆ ಹೋಗುತ್ತೇನೆ. ಇದರ ಐದನೆಯ ಆಟ ಬಂದದ್ದು 2013ರ ಸೆಪ್ಟೆಂಬರ್ 17ರಂದು. ಆರನೆಯದರ ಮೊದಲ ಟ್ರೇಲರ್ ಬಂದದ್ದು 2023ರ ಡಿಸೆಂಬರಿನಲ್ಲಿ. ಹತ್ತು ವರ್ಷದ ಮೇಲೆ! ಐದನೆಯದು ಬಂದಾಗ ಮೂರನೇ ಕ್ಲಾಸಿನಲ್ಲಿದ್ದ ಹುಡುಗ ಈ ಟ್ರೇಲರ್ ಬರುವಾಗ ಡಿಪ್ಲೊಮಾ ಕೊನೆಯ ವರ್ಷದಲ್ಲಿದ್ದ.

ನನ್ನ ವಯಸ್ಸಿನವರಿಗೆ ಇನ್ನೊಂದು ಕಾರಣವೂ ಇತ್ತು. 2002ರಲ್ಲಿ ಇದೇ ಸರಣಿಯಲ್ಲಿ ವೈಸ್ ಸಿಟಿ ಅಂತ ಒಂದು ಆಟ ಬಂದಿತ್ತು, ಅಮೆರಿಕದ ಮಯಾಮಿ ನಗರವನ್ನು ನೋಡಿಕೊಂಡು ಕಟ್ಟಿದ್ದು. ನಾವು ಅದನ್ನು ಊರಿನ ಸೈಬರ್ ಸೆಂಟರಿನಲ್ಲಿ ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು ಆಡುತ್ತಿದ್ದೆವು. ನೋಟ್‌ಬುಕ್ಕಿನ ಕೊನೇ ಪುಟದಲ್ಲಿ ಚೀಟ್ ಕೋಡ್, ಅಂದರೆ ಆಟದಲ್ಲಿ ಬೇಕಾದ್ದು ಕೊಡಿಸುವ ಗುಟ್ಟಿನ ಪದಗಳನ್ನು, ಬರೆದುಕೊಂಡಿರುತ್ತಿದ್ದೆವು. 'ಪ್ಯಾಂಜರ್' ಅಂತ ಟೈಪ್ ಮಾಡಿದರೆ ಆಕಾಶದಿಂದ ಟ್ಯಾಂಕು ಉದುರುತ್ತಿತ್ತು. ಹೊಸ ಆಟ ಮತ್ತೆ ಅದೇ ವೈಸ್ ಸಿಟಿಗೆ ಹೋಗುತ್ತದೆ. ಮದುವೆಯಾಗಿ ಮಕ್ಕಳಿರುವವರೂ ಟ್ರೇಲರ್ ನೋಡಿ ಯಾಕೆ ಕಣ್ಣೊರೆಸಿಕೊಂಡರು ಅಂತ ಈಗ ಗೊತ್ತಾಯಿತಲ್ಲ.

ಈಗ ನನ್ನ ಒಂದೇ ಮಾತು ಕೇಳಿ. ನೀವು ರಸ್ತೆಯಲ್ಲಿ ನಿಂತು ಫೋನಿನಲ್ಲಿ ಒಂದು ವಿಡಿಯೊ ತೆಗೆದರೆ ಮರ, ಎಲೆ, ನೆರಳು, ಹಿಂದೆ ಹೋಗುವ ನಾಯಿ, ಎಲ್ಲ ಪುಕ್ಕಟೆ ಬಂದುಬಿಡುತ್ತವೆ. ಗೇಮಿನಲ್ಲಿ ಪುಕ್ಕಟೆ ಏನೂ ಬರುವುದಿಲ್ಲ. ಮರ ಬೇಕೇ, ಯಾರೋ ಕೂತು ಮಾಡಬೇಕು. ನೆರಳು ಬೇಕೇ, ಬೆಳಕು ಎಲ್ಲಿಂದ ಬೀಳಬೇಕು ಅಂತ ಯಾರೋ ಕೂತು ಇಡಬೇಕು. ನಾಯಿ ಬೇಕೇ, ಅದರ ನಾಲ್ಕು ಕಾಲೂ ಹೇಗೆ ಎತ್ತಿಡಬೇಕು ಅಂತ ಯಾರೋ ಕೂತು ಕಲಿಸಬೇಕು. ಅಲ್ಲಿ ಕಾಣುವುದೆಲ್ಲ ಯಾರೋ ಕೂತು ಮಾಡಿದ್ದು. ನಿಮ್ಮ ಮಗ ನಿಲ್ಲಿಸಿ ನಿಲ್ಲಿಸಿ ನೋಡುತ್ತಿರುವುದು ಅದನ್ನೇ.

ಇದು ನನಗೆ ಸರಿಯಾಗಿ ಅರ್ಥವಾದದ್ದು ಶಿವಮೊಗ್ಗದ ನಮ್ಮ ಅಕ್ಕನ ಮನೆಯಲ್ಲಿ. ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

2023ರ ಡಿಸೆಂಬರ್ 4, ಕಾರ್ತಿಕ ಸೋಮವಾರ. ದೀಪೋತ್ಸವಕ್ಕೆಂದು ಹೋದವನು ರಾತ್ರಿ ಅಲ್ಲೇ ಉಳಿದೆ. ಅಕ್ಕನ ಮಗ, ನಾವು ಪುಟ್ಟು ಅಂತ ಕರೆಯುತ್ತೇವೆ, ಅವನೇ ಆ ಡಿಪ್ಲೊಮಾ ಹುಡುಗ. ಟ್ರೇಲರ್ ಬಿಡುವುದು ಮಾರನೆಯ ದಿನ, ಅಮೆರಿಕದಲ್ಲಿ ಬೆಳಿಗ್ಗೆ ಒಂಬತ್ತಕ್ಕೆ, ನಮಗೆ ಸಂಜೆ ಏಳೂವರೆಗೆ ಎಂದು ಸಾರಿದ್ದರು. ಪುಟ್ಟು ಒಂದು ವಾರದಿಂದ ತಯಾರಿ ನಡೆಸಿದ್ದ. ನಾಲ್ವರು ಸ್ನೇಹಿತರನ್ನು ಕರೆದಿದ್ದ. ಹಾಲಿನ ಟಿವಿ ಏಳರಿಂದ ಒಂಬತ್ತರವರೆಗೆ ತನ್ನದು ಅಂತ ಭಾವನ ಹತ್ತಿರ ಮಾತು ತಗೊಂಡಿದ್ದ. ಖಾರ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಮಾಡಿಕೊಡಬೇಕು ಅಂತ ಅಮ್ಮನಿಗೆ ದುಂಬಾಲು ಬಿದ್ದಿದ್ದ.

ನಸುಕಿನಲ್ಲಿ, ಐದರ ಸುಮಾರಿಗೆ, ಮಹಡಿ ಮೇಲಿಂದ ಒಂದು ಕೂಗು. ಅಕ್ಕ ಚೇಳೇ ಕಚ್ಚಿತು ಅಂತ ಮೆಟ್ಟಿಲು ಹತ್ತಿ ಓಡಿದಳು. ಹಿಂದೆ ಭಾವ ಟಾರ್ಚು, ಕೋಲು ಹಿಡಿದುಕೊಂಡು. ಹಿಂದೆ ನಾನು. ಹುಡುಗ ಹಾಸಿಗೆ ಮೇಲೆ ಕೂತು ಅಳುತ್ತಿದ್ದಾನೆ. "ಮಾಮಾ, ಲೀಕ್ ಆಗೋಯ್ತು ಮಾಮಾ." ಸ್ನೇಹಿತ ಫೋನ್ ಮಾಡಿ ಹೇಳಿದ್ದಾನೆ. ಯಾರೋ ಟ್ರೇಲರನ್ನು ಕದ್ದು, ಮೇಲೆ ಬಿಟ್‌ಕಾಯಿನ್ ಕೊಳ್ಳಿ ಅಂತ ಬರೆದು, ಮಬ್ಬು ಮಬ್ಬಾಗಿ ಹರಿಯಬಿಟ್ಟಿದ್ದರು. ಅದನ್ನು ಕಂಡು ಕಂಪನಿಯವರು ಇನ್ನು ಕಾಯುವುದು ಬೇಡವೆಂದು ಅಸಲಿಯನ್ನೇ ಯೂಟ್ಯೂಬಿಗೆ ಹಾಕಿಬಿಟ್ಟರು. ಸಂಜೆ ಏಳೂವರೆಗೆ ಬರಬೇಕಾದ್ದು ಬೆಳಗಿನ ಜಾವಕ್ಕೆ ಬಂದು ಕೂತಿತ್ತು.

ಹತ್ತು ವರ್ಷ ಕಾದವನಿಗೆ ಹದಿನಾಲ್ಕು ಗಂಟೆ ಮೊದಲೇ ಸಿಕ್ಕಿದರೆ ಖುಷಿಯಾಗಬೇಕಲ್ಲವೇ? ಅವನಿಗೆ ದುಃಖ! ಬೇಕೆಂದು ಆರಿಸಿಕೊಂಡ ಗಳಿಗೆಯನ್ನು ಯಾರೋ ಕಿತ್ತುಕೊಂಡ ದುಃಖ ಅದು. ಮದುವೆ ಮನೆಯಲ್ಲಿ ಎಲೆ ಹಾಕುವ ಮೊದಲೇ ಯಾರೋ ಹಿಂದಿನ ಬಾಗಿಲಿಂದ ಹೋಗಿ ಪಾಯಸ ಕುಡಿದು ಬಂದ ಹಾಗೆ.

ಅಕ್ಕ ಬೈಯಬಹುದಿತ್ತು. ಬೈಯಲಿಲ್ಲ. ಅವನ ಪಕ್ಕ ಕೂತು, "ಆಯ್ತು ಹಾಕು, ನೋಡೋಣ" ಅಂದಳು. ನಾವು ನಾಲ್ಕು ಜನ ಆ ಚಳಿಯಲ್ಲಿ ಒಂದು ಫೋನಿಗೆ ಬಗ್ಗಿ ನೋಡಿದೆವು. ಲೂಸಿಯಾ ಎಂಬ ಹೆಣ್ಣುಮಗಳು ಜೈಲಿನಲ್ಲಿದ್ದಾಳೆ. ಜೌಗಿನಲ್ಲಿ ಫ್ಲೆಮಿಂಗೊ ಹಕ್ಕಿ ಹಿಂಡಾಗಿ ಹಾರುತ್ತವೆ. ಅಂಗಡಿಯೊಳಗೆ ಮೊಸಳೆ ನಡೆದು ಬರುತ್ತದೆ. ಆಮೇಲೆ ಸಮುದ್ರದಂಡೆ, ಅದರ ತುಂಬ ಜನ. ಸಮುದ್ರದಂಡೆಯಲ್ಲಿ ಜನ ಹೇಗಿರುತ್ತಾರೋ ಹಾಗೇ ಇದ್ದಾರೆ. ಅಕ್ಕ ಒಮ್ಮೆ ಮುಖ ಸಿಂಡರಿಸಿದಳು. ಮುಗಿಯಿತು. ಪುಟ್ಟು ಬಾಯಿ ತೆರೆದುಕೊಂಡು ಕೂತಿದ್ದ. ಅಕ್ಕ ಮಾತ್ರ, "ಆ ದಂಡೆದು ಇನ್ನೊಂದ್ಸಲ ಹಾಕು" ಅಂದಳು.

ಹಾಕಿದ. "ನಿಲ್ಸು" ಅಂದಳು. ಕನ್ನಡಕ ತರಿಸಿಕೊಂಡಳು. ನಮ್ಮ ಅಕ್ಕ ಇಪ್ಪತ್ತೆರಡು ವರ್ಷದಿಂದ ಟೈಲರಿಂಗ್ ಮಾಡುತ್ತಾಳೆ. ಜೂನ್ ಬಂದರೆ ಇನ್ನೂರು ಮುನ್ನೂರು ಸ್ಕೂಲ್ ಯೂನಿಫಾರ್ಮ್, ಎಲ್ಲ ಒಂದೇ ಬಟ್ಟೆ. ಅವಳು ಆ ಚಿತ್ರ ನೋಡಿ ಏನು ಹೇಳಿದಳು ಗೊತ್ತೇ? "ಅಲ್ವೋ, ಇಷ್ಟು ಜನ ಇದ್ದಾರೆ, ಒಂದೇ ತಾನಿನ ಬಟ್ಟೆ ಎರಡು ಕಡೆ ಕಾಣ್ತಿಲ್ವಲ್ಲೋ. ಇದನ್ನೆಲ್ಲ ಯಾರು ಹೊಲಿದ್ರು?"

ಕೇಳುಗರೇ, ನನ್ನ ಮೈ ಜುಮ್ಮೆಂದಿತು. ನಾನು ಕೆಲಸಕ್ಕೆ ಸೇರಿದಾಗ ಗೇಮಿನಲ್ಲಿ ಜನಜಂಗುಳಿ ತೋರಿಸಬೇಕೆಂದರೆ ಐದಾರು ಗೊಂಬೆ ಮಾಡಿ ಅವನ್ನೇ ತಿರುಗಿಸಿ ಮುರುಗಿಸಿ ನಿಲ್ಲಿಸುತ್ತಿದ್ದೆವು. ಅಂಗಿ ಬಣ್ಣ ಬದಲಾಯಿಸಿದರೆ ಹೊಸ ಮನುಷ್ಯ. ವೈಸ್ ಸಿಟಿಯಲ್ಲಂತೂ ಒಂದೇ ಮುಖ ಎರಡು ಬೀದಿ ದಾಟುವುದರೊಳಗೆ ಮೂರು ಸಲ ಎದುರಾಗುತ್ತಿತ್ತು. ಈಗ ದಂಡೆಯ ಒಬ್ಬೊಬ್ಬರಿಗೂ ಬೇರೆ ಬೇರೆ ಮೈಕಟ್ಟು, ಬೇರೆ ಬೇರೆ ನಿಲುವು, ಬೇರೆ ಬೇರೆ ಬಟ್ಟೆ. ಇದನ್ನು ಯಾರು ಹೊಲಿದರು ಅಂತ ಕೇಳಿದಳಲ್ಲ, ಅದಕ್ಕಿಂತ ಸರಿಯಾದ ಪ್ರಶ್ನೆಯನ್ನು ನನ್ನ ವಿದ್ಯಾರ್ಥಿಗಳೂ ಕೇಳಿಲ್ಲ. ಹೊಲಿದಿದ್ದಾರೆ. ಬಟ್ಟೆಯ ನೇಯ್ಗೆ, ಮಡಿಕೆ, ಹೊಲಿಗೆಯ ಅಂಚು, ಒಂದೊಂದನ್ನೂ ಯಾರೋ ಕೂತು ಮಾಡಿದ್ದಾರೆ.

ಸಂಜೆ ಸ್ನೇಹಿತರು ಬಂದೇ ಬಂದರು. ಎಲ್ಲರೂ ಬೆಳಗಿನಿಂದ ಹತ್ತಾರು ಸಲ ನೋಡಿದವರೇ. ಏಳೂವರೆಗೆ ಸರಿಯಾಗಿ, ಮೊದಲ ಸಲ ನೋಡುವವರ ಹಾಗೆ ದೀಪ ಆರಿಸಿ ಹಾಕಿದರು. ಕೂಗಬೇಕಾದ ಕಡೆ ಕೂಗಿದರು. ಆಮೇಲೆ ಲ್ಯಾಪ್‌ಟಾಪನ್ನು ಟಿವಿಗೆ ಜೋಡಿಸಿ ಕೆಲಸ ಶುರು ಮಾಡಿದರು. ಯೂಟ್ಯೂಬಿನಲ್ಲಿ ವಿಡಿಯೊ ನಿಲ್ಲಿಸಿ ಕೀಬೋರ್ಡಿನಲ್ಲಿ ಕಾಮಾ ಒತ್ತಿದರೆ ಒಂದು ಚಿತ್ರ ಹಿಂದೆ, ಫುಲ್‌ಸ್ಟಾಪ್ ಒತ್ತಿದರೆ ಒಂದು ಚಿತ್ರ ಮುಂದೆ ಹೋಗುತ್ತದೆ. ಸೆಕೆಂಡಿಗೆ 30 ಚಿತ್ರ ಅಂತ ಹಿಡಿದರೆ ಒಂದೂವರೆ ನಿಮಿಷಕ್ಕೆ 2,700 ಚಿತ್ರ. ಒಬ್ಬ ಅಂಗಡಿ ಬೋರ್ಡು ಓದುತ್ತಾನೆ, ಒಬ್ಬ ನೆರಳು ನೋಡಿ ದಿಕ್ಕು ಹೇಳುತ್ತಾನೆ, ಒಬ್ಬ ಹಾಳೆ ಮೇಲೆ ಊರಿನ ನಕ್ಷೆ ಬರೆಯುತ್ತಾನೆ. ಅಕ್ಕ ಬಜ್ಜಿ ತಟ್ಟೆ ಇಟ್ಟು ತನ್ನ ಮಾತನ್ನು ಅವರಿಗೂ ಹೇಳಿದಳು. ತಗೋ, ಐದೂ ಹುಡುಗರು ಒಂದೇ ತಾನಿನ ಎರಡು ಬಟ್ಟೆ ಹುಡುಕಲು ಕೂತರು. ಎಣ್ಣೆ ಕೈಯಲ್ಲೇ ಕಾಮಾ, ಫುಲ್‌ಸ್ಟಾಪ್, ಕಾಮಾ, ಫುಲ್‌ಸ್ಟಾಪ್. ಒಂಬತ್ತೂವರೆಗೆ ಒಬ್ಬ "ಆಂಟಿ, ಸಿಕ್ತು! ಈ ಚಡ್ಡಿ, ಆ ಚಡ್ಡಿ!" ಅಂತ ಎದ್ದ. ಅಕ್ಕ ಸೆರಗಿಗೆ ಕೈ ಒರೆಸಿಕೊಂಡು ಟಿವಿ ಹತ್ತಿರ ಹೋಗಿ ನೋಡಿ, "ಹೂವು ಒಂದೇ ಥರ ಕಾಣುತ್ತೆ ಕಣೋ, ಆದ್ರೆ ಸೊಂಟದ ಪಟ್ಟಿ ಬೇರೆ. ಇದು ಅದಲ್ಲ" ಅಂತ ತೀರ್ಪು ಕೊಟ್ಟಳು. ಯಾರೂ ಎದುರಾಡಲಿಲ್ಲ.

ಅಕ್ಕನ ಮನೆಯಲ್ಲೇ ನನ್ನ ಅರ್ಧಕ್ಕಿಂತ ಹೆಚ್ಚು ಹೊತ್ತು ಹೋಯಿತು. ಉಳಿದದ್ದನ್ನು ಬೇಗ ಬೇಗ ಹೇಳುತ್ತೇನೆ.

ಆ ಟ್ರೇಲರ್ ಮೊದಲ 24 ಗಂಟೆಯಲ್ಲಿ ಯೂಟ್ಯೂಬಿನಲ್ಲಿ 9 ಕೋಟಿಗೂ ಹೆಚ್ಚು ಸಲ ಓಡಿ ಗಿನ್ನೆಸ್ ದಾಖಲೆಗೆ ಸೇರಿತು. ಅದರ ಹಿನ್ನೆಲೆಗೆ ಅಮೆರಿಕದ ಗಾಯಕ ಟಾಮ್ ಪೆಟ್ಟಿ 1989ರಲ್ಲಿ ಹಾಡಿದ ಹಾಡು ಇತ್ತು. ಆಗ ಹುಟ್ಟಿಯೇ ಇರದ ಮಕ್ಕಳು ಅದನ್ನು ಗುನುಗತೊಡಗಿದರು. ಎರಡನೆಯ ಟ್ರೇಲರ್ ಬಂದದ್ದು 2025ರ ಮೇ 6ರಂದು, ಯಾವ ಮುನ್ಸೂಚನೆಯೂ ಇಲ್ಲದೆ. ಅದಕ್ಕೂ ಮೊದಲು ಎಷ್ಟೋ ತಿಂಗಳು ಅಭಿಮಾನಿಗಳು ಕಂಪನಿ ಹಾಕಿದ ಚಿತ್ರಗಳಲ್ಲಿ ಚಂದ್ರನ ಕಲೆ ನೋಡಿ ತಾರೀಖು ಎಣಿಸುತ್ತಿದ್ದರು, ಪಂಚಾಂಗ ನೋಡುವವರ ಹಾಗೆ. ತಾರೀಖು ತಪ್ಪಿತು, ಬಿಡಿ. ಆದರೆ ಆ ಚಂದ್ರನನ್ನು ಬರೆದವರ ಜನ್ಮ ಸಾರ್ಥಕವಾಯಿತು ಅಂತ ನಾನು ಹೇಳುತ್ತೇನೆ. ಎರಡನೆಯ ಟ್ರೇಲರಿನಲ್ಲಿ ಜನ ನಿಲ್ಲಿಸಿ ನೋಡಿದ್ದು ಏನನ್ನು? ಬಿಯರ್ ಬಾಟಲಿಯೊಳಗಿನ ಗುಳ್ಳೆಗಳನ್ನು! ಇದು ನಿಜವಾಗಿ ಗೇಮಿನೊಳಗಿಂದ ಬಂದದ್ದೇ ಅಂತ ವಾದ ಎದ್ದಾಗ ಕಂಪನಿಯವರೇ, ಎಲ್ಲವೂ ಪ್ಲೇಸ್ಟೇಷನ್ 5 ಎಂಬ ಗೇಮ್ ಆಡುವ ಯಂತ್ರದಲ್ಲಿ ಹಿಡಿದದ್ದು, ಅರ್ಧ ಆಡುವ ಭಾಗ, ಅರ್ಧ ಕಥಾದೃಶ್ಯ ಅಂತ ಹೇಳಬೇಕಾಯಿತು. ಗುಳ್ಳೆಯನ್ನೂ ಯಾರೋ ಕೂತು ಮಾಡಿದ್ದು.

ಸಿಟ್ಟೂ ಇದೆ. ಆಟದ ಬಿಡುಗಡೆ ಮೊದಲು 2025 ಅಂದರು, ಆಮೇಲೆ 2026ರ ಮೇ 26 ಅಂದರು, 2025ರ ನವೆಂಬರಿನಲ್ಲಿ ಮತ್ತೆ ಮುಂದೂಡಿ 2026ರ ನವೆಂಬರ್ 19 ಅಂದರು. ಹುಡುಗರು ರೇಗಿದರು. ಆ ಸಿಟ್ಟನ್ನು ನಾನು ಒಪ್ಪುತ್ತೇನೆ, ಕಾದವರಿಗೆ ಆ ಹಕ್ಕಿದೆ. ನಾನು ಒಪ್ಪದಿರುವುದು 2022ರ ಸೆಪ್ಟೆಂಬರಿನಲ್ಲಿ ನಡೆದದ್ದನ್ನು. ಇನ್ನೂ ಕೆಲಸ ನಡೆಯುತ್ತಿದ್ದ ಆಟದ 90ರಷ್ಟು ತುಣುಕುಗಳನ್ನು ಕದ್ದು ಹೊರಗೆ ಹಾಕಿದರು. ಅದನ್ನು ನೋಡಿ ಕೆಲವರು, ಇಷ್ಟೇನಾ, ಚೆನ್ನಾಗಿಲ್ಲ ಅಂತ ನಕ್ಕರು. ಸೆಂಟ್ರಿಂಗ್ ಹಲಗೆ ಬಿಚ್ಚದ ಮನೆಗೆ ನುಗ್ಗಿ, ಬಣ್ಣ ಚೆನ್ನಾಗಿಲ್ಲ ಅನ್ನುವುದೇ? ಆಗ ಬೇರೆ ಬೇರೆ ಕಂಪನಿಗಳ ಕೆಲಸಗಾರರು ತಮ್ಮ ಹೆಸರಾಂತ ಆಟಗಳ ಅರೆಬರೆ ಚಿತ್ರಗಳನ್ನು ಹೊರಗೆ ತೆಗೆದು, ನಮ್ಮದೂ ಮೊದಲು ಹೀಗೇ ಇತ್ತು ಅಂತ ತೋರಿಸಿದರು. ನಕ್ಕವರು ನೋಡಿರಲಿಲ್ಲ, ಬರೀ ಕಣ್ಣು ಹಾಯಿಸಿದ್ದರು.

ಇನ್ನೊಂದು ವಿಷಯ, ತಂದೆತಾಯಿಗಳು ಕೇಳಿಸಿಕೊಳ್ಳಿ. ಈ ರಾಕ್‌ಸ್ಟಾರಿನ ಒಂದು ಸ್ಟುಡಿಯೊ ನಮ್ಮ ಬೆಂಗಳೂರಿನಲ್ಲೇ ಇದೆ. 1997ರಲ್ಲಿ ರಾಜೇಶ್ ರಾವ್ ಬೆಂಗಳೂರಿನಲ್ಲಿ ಶುರು ಮಾಡಿದ ಧ್ರುವ ಇಂಟರಾಕ್ಟಿವ್ ಕಂಪನಿಯನ್ನು 2019ರಲ್ಲಿ ರಾಕ್‌ಸ್ಟಾರ್ ಕೊಂಡುಕೊಂಡು ಅದರೊಳಗೆ ಸೇರಿಸಿತು. ನೋಡುವುದನ್ನು ಕಲಿತ ಹುಡುಗರಿಗೆ ಈ ಊರಿನಲ್ಲಿ ಕೆಲಸವಿದೆ. ಇದರ ಬಗ್ಗೆಯೇ ಇನ್ನೊಂದು ದಿನ ಮಾತಾಡಬಹುದು.

ಕೊನೆಗೆ ನನ್ನದೊಂದು ವಿಷಯ. ಬಹಳ ವರ್ಷದ ಹಿಂದೆ ಹೊರದೇಶದ ಒಂದು ಕಾರ್ ರೇಸಿನ ಗೇಮಿಗೆ ನನಗೊಂದು ಗೋಡೆ ಕೊಟ್ಟಿದ್ದರು. ರಸ್ತೆ ಪಕ್ಕದ ಗೋಡೆ, ಇಪ್ಪತ್ತು ಅಡಿ ಉದ್ದ. ಕಾರು ಇನ್ನೂರು ಕಿಲೋಮೀಟರ್ ವೇಗದಲ್ಲಿ ಅದರ ಪಕ್ಕ ಹಾದುಹೋಗುತ್ತದೆ. ಯಾರೂ ನೋಡುವುದಿಲ್ಲ, ಎರಡು ದಿನದಲ್ಲಿ ಮುಗಿಸು ಅಂದರು. ನಾನು ಮೂರು ವಾರ ತಗೊಂಡೆ. ಸುಣ್ಣ ಎದ್ದದ್ದು, ಮಳೆ ನೀರು ಇಳಿದ ಗೆರೆ, ಆಮೇಲೆ ಸೊಂಟದೆತ್ತರಕ್ಕೆ ಸ್ವಲ್ಪ ಮೇಲೆ ಒಂದು ಅಡ್ಡ ಗೀರು, ಸವೆದು ನುಣುಪಾದದ್ದು. ಆಟ ಬಿಡುಗಡೆಯಾಗಿ ಒಂದು ವರ್ಷದ ಮೇಲೆ ಒಬ್ಬ ಅಭಿಮಾನಿ ಹಾಕಿದ ಚಿತ್ರ ನನ್ನ ಕಣ್ಣಿಗೆ ಬಿತ್ತು. ಯಾವ ದೇಶದವನೋ. ರೇಸು ನಿಲ್ಲಿಸಿ, ಕಾರನ್ನು ರಸ್ತೆಯಿಂದ ಪಕ್ಕಕ್ಕಿಳಿಸಿ, ಆ ಗೀರಿನ ಸುತ್ತ ಕೆಂಪು ಸುತ್ತು ಹಾಕಿದ್ದ. ಕೆಳಗೆ ಬರೆದಿದ್ದ: ಇಲ್ಲಿ ಯಾರೋ ದಿನಾ ಸೈಕಲ್ ಒರಗಿಸುತ್ತಾರೆ.

ಅದನ್ನು ಪ್ರಿಂಟ್ ತೆಗೆಸಿ ಪರ್ಸಿನಲ್ಲಿ ಇಟ್ಟುಕೊಂಡಿದ್ದೇನೆ. ಆ ರಾತ್ರಿ ಹುಡುಗರೆಲ್ಲ ಹೋದ ಮೇಲೆ ಅಕ್ಕನಿಗೆ ತೋರಿಸಿದೆ. ಅಕ್ಕ ಕನ್ನಡಕ ಏರಿಸಿ, ಚಿತ್ರವನ್ನು ದೀಪದ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದಳು. "ನಮ್ಮ ಹಳೇ ಮನೆ ಗೋಡೆ ಅಲ್ವೇನೋ ಇದು" ಅಂದಳು. "ಅಪ್ಪನ ಸೈಕಲ್ ಹ್ಯಾಂಡಲ್ಲು ತಾಗ್ತಿದ್ದ ಜಾಗ."

ನಮಸ್ಕಾರ.