ತಿರುಗಿ ನೋಡದ ಹುಲಿ

ಹುಲಿ ಮತ್ತು ಮನುಷ್ಯರ ಬಾಂಧವ್ಯವನ್ನು ಕುರಿತ ಚಿತ್ರಗಳಲ್ಲಿ ನನ್ನ ಮನಸ್ಸನ್ನು ಹೆಚ್ಚು ಕಲಕಿದವು, ಮನುಷ್ಯನ ಪ್ರೀತಿಗೆ ಹುಲಿ ಪ್ರತಿಯಾಗಿ ಏನನ್ನೂ ಕೊಡದ ಚಿತ್ರಗಳು. ಈ ಮಾತು ವಿಚಿತ್ರವೆನಿಸಬಹುದು; ಆದ್ದರಿಂದ ನಿಮ್ಮಲ್ಲಿ ಬಹುತೇಕರು ನೋಡಿರಬಹುದಾದ ಚಿತ್ರದಿಂದಲೇ ಆರಂಭಿಸುತ್ತೇನೆ.

2012ರಲ್ಲಿ ತೆರೆಕಂಡ ಆಂಗ್ ಲೀ ನಿರ್ದೇಶನದ ‘ಲೈಫ್ ಆಫ್ ಪೈ’ ಚಿತ್ರದಲ್ಲಿ, ಪಾಂಡಿಚೇರಿಯ ಮೃಗಾಲಯವೊಂದರ ಮಾಲೀಕನ ಮಗನಾದ ಪೈ, ಹಡಗು ಮುಳುಗಿದ ಮೇಲೆ ರಿಚರ್ಡ್ ಪಾರ್ಕರ್ ಎಂಬ ಹೆಸರಿನ ಹುಲಿಯ ಜೊತೆ ಸಮುದ್ರದಲ್ಲಿ 227 ದಿನ ಕಳೆಯುತ್ತಾನೆ. ಅದಕ್ಕೆ ಮೀನು ಹಿಡಿದು ಕೊಡುತ್ತಾನೆ, ಅದರ ಭಯದಿಂದಲೇ ಎಚ್ಚರವಾಗಿದ್ದು ಜೀವ ಉಳಿಸಿಕೊಳ್ಳುತ್ತಾನೆ, ಎಲುಬು ಕಾಣುವಷ್ಟು ಸೊರಗಿದ ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅಳುತ್ತಾನೆ. ಮೆಕ್ಸಿಕೊದ ದಡ ಸೇರಿದಾಗ ಆ ಹುಲಿ ಕಾಡಿನ ಅಂಚಿನಲ್ಲಿ ಕ್ಷಣಕಾಲ ನಿಂತು, ಒಮ್ಮೆಯೂ ತಿರುಗಿ ನೋಡದೆ ಒಳಗೆ ಹೋಗಿಬಿಡುತ್ತದೆ. ಹುಲಿಯ ಕಣ್ಣಿನಲ್ಲಿ ನಿನಗೆ ಕಾಣುವುದು ನಿನ್ನದೇ ಭಾವನೆಯ ಪ್ರತಿಬಿಂಬ ಎಂದು ತಂದೆ ಮೊದಲೇ ಹೇಳಿರುತ್ತಾನೆ, ಹೇಳುವುದಷ್ಟೇ ಅಲ್ಲ, ಹುಲಿ ಮೇಕೆಯನ್ನು ಹಿಡಿಯುವುದನ್ನು ಮಗನ ಕಣ್ಣೆದುರಿಗೇ ತೋರಿಸಿರುತ್ತಾನೆ. ತಂದೆಯ ಮಾತು ಸರಿಯೋ ತಪ್ಪೋ ಎಂಬ ತೀರ್ಪನ್ನು ಚಿತ್ರ ಕೊಡುವುದಿಲ್ಲ, ಪೈಗೆ ಸಮಾಧಾನವನ್ನೂ ಹೇಳುವುದಿಲ್ಲ. ಅಂದಹಾಗೆ, ಆ ಹುಲಿಯನ್ನು ಬಹುಪಾಲು ಕಂಪ್ಯೂಟರಿನಲ್ಲೇ ರೂಪಿಸಿದ ರಿದಮ್ ಅಂಡ್ ಹ್ಯೂಸ್ ಸಂಸ್ಥೆ 2013ರ ಫೆಬ್ರವರಿಯಲ್ಲಿ ದಿವಾಳಿ ಅರ್ಜಿ ಸಲ್ಲಿಸಿತು; ಅದೇ ತಿಂಗಳು ಅದೇ ಹುಲಿಗಾಗಿ ಆಸ್ಕರ್ ಕೂಡ ಬಂತು.

ಇದಕ್ಕೆ ಎದುರಾಗಿ 2004ರ ‘ಟೂ ಬ್ರದರ್ಸ್’ ಚಿತ್ರವನ್ನು ಇಟ್ಟು ನೋಡಿ. ಫ್ರೆಂಚರ ಆಳ್ವಿಕೆಯ ಇಂಡೋಚೀನಾದಲ್ಲಿ ಬೇರ್ಪಟ್ಟ ಎರಡು ಹುಲಿಮರಿಗಳಲ್ಲಿ ಒಂದು ಸರ್ಕಸ್ಸಿನ ಪಾಲಾಗುತ್ತದೆ, ಇನ್ನೊಂದು ಅಧಿಕಾರಿಯ ಪುಟ್ಟ ಮಗನ ಒಡನಾಡಿಯಾಗಿ ಬೆಳೆಯುತ್ತದೆ. ಕಾದಾಡಲೆಂದು ಅಖಾಡಕ್ಕೆ ಬಿಟ್ಟಾಗ ಅಣ್ಣತಮ್ಮಂದಿರು ಪರಸ್ಪರ ಗುರುತು ಹಿಡಿಯುತ್ತಾರೆ. ನಿರ್ದೇಶಕ ಜ್ಯಾನ್ ಜಾಕ್ ಆನೋ ಅವರ ಕೌಶಲದಲ್ಲಿ ಕೊರತೆಯಿಲ್ಲ, ಕಣ್ಣೀರು ತಾನಾಗಿಯೇ ಬರುತ್ತದೆ. ಆದರೆ ಅಲ್ಲಿನ ಹುಲಿಗಳು ಹುಲಿಯ ಚರ್ಮ ಹೊದ್ದ ಒಳ್ಳೆಯ ಮಕ್ಕಳು. ಸರ್ಕಸ್ಸಿನ ಕ್ರೌರ್ಯವನ್ನು ಖಂಡಿಸುವ ಈ ಚಿತ್ರವನ್ನು ತರಬೇತಿ ಪಡೆದ ನಿಜವಾದ ಹುಲಿಗಳನ್ನೇ ಬಳಸಿ ಚಿತ್ರೀಕರಿಸಲಾಯಿತು ಎಂಬುದನ್ನೂ ನನಗೆ ಮರೆಯಲಾಗುವುದಿಲ್ಲ. ಭಾರತದಲ್ಲಾದರೆ, 1998ರ ಅಧಿಸೂಚನೆಯನ್ನು 2001ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದ ಮೇಲೆ ಹುಲಿಯನ್ನು ಪಳಗಿಸಿ ಪ್ರದರ್ಶಿಸುವುದಕ್ಕೇ ಅವಕಾಶವಿಲ್ಲ.

ಕನ್ನಡಿಗರಾದ ನಮಗೆ ಒಳ್ಳೆಯ ಹುಲಿಯ ಕಥೆ ಬಹುಬೇಗ ಒಗ್ಗುತ್ತದೆ ಎಂದು ನನ್ನ ಅನುಮಾನ. ಪುಣ್ಯಕೋಟಿಯ ಹಾಡು ಕೇಳುತ್ತ ಬೆಳೆದವರು ನಾವು. ಕೊಟ್ಟ ಮಾತಿಗೆ ಹಿಂದಿರುಗಿ ಬಂದ ಹಸುವನ್ನು ಕಂಡು ನಾಚಿ, ತಾನೇ ಪ್ರಾಣಬಿಟ್ಟ ಹಸಿದ ಅರ್ಬುತನಿಗಾಗಿ ಅತ್ತವರು. ಹಾಡಿನ ಸೊಗಸನ್ನು ಅಲ್ಲಗಳೆಯುತ್ತಿಲ್ಲ. ಆದರೂ ಹಸಿದ ಹುಲಿ ಸಾಯದ ಹೊರತು ಒಳ್ಳೆಯದಾಗಲಾರದು ಎಂಬ ಅದರ ಏರ್ಪಾಡು, ಹುಲಿಯ ದೃಷ್ಟಿಯಿಂದ ನೋಡಿದರೆ, ತೀರ ಕಠೋರವಾದದ್ದು.

ಅಕಿರಾ ಕುರೊಸಾವಾ ಅವರ 1975ರ ‘ದೆರ್ಸು ಉಜಾಲಾ’ ಹಿಡಿದ ದಾರಿಯೇ ಬೇರೆ. ರಷ್ಯಾದ ಉಸ್ಸೂರಿ ಕಾಡಿನ ನಾನಾಯ್ ಬುಡಕಟ್ಟಿನ ಬೇಟೆಗಾರ ದೆರ್ಸು, ಹುಲಿಯನ್ನು ‘ಅಂಬಾ’ ಎಂದು ಕರೆದು ಅದರೊಂದಿಗೆ ಮಾತನಾಡುತ್ತಾನೆ, ದೂರ ಹೋಗೆಂದು ಕೇಳಿಕೊಳ್ಳುತ್ತಾನೆ. ಒಮ್ಮೆ ಅದಕ್ಕೆ ಗುಂಡು ಹಾರಿಸಿದ ಮೇಲೆ, ಕಾಡಿನ ದೈವ ತನ್ನನ್ನು ಬಿಡದೆಂಬ ಭಯ ಅವನನ್ನು ಹಿಡಿಯುತ್ತದೆ. ಕಣ್ಣೂ ಮಂದವಾಗಿ ಕಾಡನ್ನೇ ತೊರೆದು ಊರು ಸೇರಬೇಕಾಗುತ್ತದೆ. ಹುಲಿ ತೆರೆಯ ಮೇಲೆ ಇರುವುದು ಸ್ವಲ್ಪವೇ ಹೊತ್ತು. ಬಾಂಧವ್ಯವೆಂದರೆ ಅಪ್ಪುಗೆ ಮಾತ್ರವಲ್ಲ, ಪರಸ್ಪರ ಅಂಜಿಕೆಯಿಂದ ಬಿಟ್ಟುಕೊಂಡ ಅಂತರವೂ ಹೌದು ಎಂಬುದನ್ನು ಇಷ್ಟು ಸ್ಪಷ್ಟವಾಗಿ ಕಾಣಿಸಿದ ಮತ್ತೊಂದು ಚಿತ್ರವನ್ನು ನಾನು ನೋಡಿಲ್ಲ.

ಇಂಥ ಚಿತ್ರವೊಂದು ಕನ್ನಡದಲ್ಲಿ ಬರಬೇಕೆಂದು ನಾನು ಬಯಸುವುದಕ್ಕೆ ಕಾರಣವಿದೆ. 2022ರ ಗಣತಿಯ ಪ್ರಕಾರ 563 ಹುಲಿಗಳಿರುವ ರಾಜ್ಯ ನಮ್ಮದು; ಹುಲಿಯನ್ನೇ ವಾಹನವಾಗಿಸಿಕೊಂಡ ಮಾದಪ್ಪನ ನಾಡು. ಅದೇ ಮಾದಪ್ಪನ ಬೆಟ್ಟದ ಹೂಗ್ಯಂ ವಲಯದಲ್ಲಿ 2025ರ ಜೂನ್‌ನಲ್ಲಿ ತಾಯಿ ಹುಲಿಯೊಂದು ತನ್ನ ನಾಲ್ಕು ಮರಿಗಳೊಡನೆ, ವಿಷ ಬೆರೆಸಿದ್ದ ಹಸುವಿನ ಕಳೇಬರವನ್ನು ತಿಂದು ಸತ್ತಿತು. ಇದನ್ನು ಚಿತ್ರ ಮಾಡಹೊರಟ ನಿರ್ದೇಶಕರು ಮರಿಗಳ ಮುಖವನ್ನಷ್ಟೇ ಹತ್ತಿರದಿಂದ ತೋರಿಸಿದರೆ ಪ್ರೇಕ್ಷಕರು ಅಳುತ್ತಾರೆ, ಚಿತ್ರ ಗೆಲ್ಲುತ್ತದೆ. ಅದಕ್ಕಿಂತ ಕಷ್ಟದ ಕೆಲಸ, ಕಾಡಂಚಿನಲ್ಲಿ ಹಸು ಕಳೆದುಕೊಂಡವನ ಮನೆಯೊಳಗೂ ಕ್ಯಾಮೆರಾ ಒಯ್ದು, ಅವನ ಸಿಟ್ಟನ್ನು ಹುಲಿಯ ಹಸಿವಿನಷ್ಟೇ ಸಾವಧಾನವಾಗಿ ತೋರಿಸುವುದು. ಆ ಚಿತ್ರಕ್ಕೆ ಖಳನಾಯಕನನ್ನು ಹುಡುಕುವ ಗೋಜಿಗೆ ಚಿತ್ರಕಥೆಗಾರರು ಹೋಗದಿದ್ದರೆ, ಮೊದಲ ದಿನವೇ ಹೋಗಿ ನೋಡುತ್ತೇನೆ.